ಓಲೆಗರಿಯಿಂದ ಗಾಜಿನ ಪುಟಕ್ಕೆ

ಪುಸ್ತಕದ ಪುಟ ಹೀಗೆಯೇ ಇರಬೇಕೆಂದು ಯಾರೂ ವಿಧಿಸಿದ್ದಲ್ಲ. ಬರೆಯಲು ಸಿಕ್ಕ ವಸ್ತುವೇ ಅದರ ಆಕಾರವನ್ನು ನಿರ್ಧರಿಸುತ್ತ ಬಂದಿದೆ. ತಾಳೆಗರಿ ಉದ್ದ, ಅಗಲ ಕಡಿಮೆ. ಅದರ ಮೇಲಿನ ಸಾಲುಗಳೂ ಉದ್ದ. ದಾರ ಪೋಣಿಸುವ ತೂತಿನ ಸುತ್ತ ಒಂದಿಷ್ಟು ಖಾಲಿ ಜಾಗ. ಪದಗಳ ನಡುವೆ ಬಿಡುವಿಲ್ಲ, ಪದ್ಯಕ್ಕೂ ಗದ್ಯಕ್ಕೂ ಒಂದೇ ಓಟ. ಕುಮಾರವ್ಯಾಸನ ಷಟ್ಪದಿ ಆರು ಸಾಲಾಗಿ, ಮೂರನೆಯ ಮತ್ತು ಆರನೆಯ ಸಾಲು ಉದ್ದವಾಗಿ ಕಣ್ಣಿಗೆ ಕಾಣತೊಡಗಿದ್ದು ಅಚ್ಚುಮನೆಯ ಕಾಲದಲ್ಲಿ. ಓಲೆಯಲ್ಲಿ ಆ ಆಕಾರ ಕಿವಿಗೆ ಮಾತ್ರ ಗೊತ್ತಿತ್ತು.

ಅಚ್ಚಿನಲ್ಲೂ ಎರಡು ದಾರಿಗಳಿದ್ದವು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ ಇಡೀ ಪುಟವನ್ನು ಚಿತ್ರದಂತೆ ಒತ್ತುವ ವಿಧಾನ ಅದು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಗಳಲ್ಲಿ ಅಚ್ಚಾಯಿತು. ಕಲ್ಲಿನ ಪುಟವನ್ನು ಬದಲಿಸಲಾಗದು. ಮೊಳೆಗಳನ್ನು ಕಳಚಿ ಬೇರೆ ಅಗಲಕ್ಕೆ ಜೋಡಿಸಬಹುದು. ಒಂದೂವರೆ ಶತಮಾನದ ಬಳಿಕ ಪರದೆಯ ಮೇಲೆ ಎದುರಾದದ್ದೂ ಇದೇ ಆಯ್ಕೆ.

1971ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹಾರ್ಟ್ ತಮ್ಮ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿಗೆ ಟೈಪ್ ಮಾಡಿದರು. ಅಲ್ಲಿ ಅಕ್ಷರಗಳಷ್ಟೇ ಇದ್ದವು, ಪುಟವಿರಲಿಲ್ಲ. 1993ರಲ್ಲಿ ಅಡೋಬಿ ಕಂಪನಿ ತಂದ ಪಿಡಿಎಫ್ ಇದಕ್ಕೆ ತದ್ವಿರುದ್ಧ: ಯಾವ ಯಂತ್ರದಲ್ಲಿ ತೆರೆದರೂ ಪುಟ ಇದ್ದಂತೆಯೇ ಇರಬೇಕು. ಮುದ್ರಣಕ್ಕೆ ಇದು ವರವಾಯಿತು. ಆದರೆ 2007ರಲ್ಲಿ ಬಂದ ಕಿಂಡಲ್‌ನ ಪರದೆ ಕೇವಲ 6 ಅಂಗುಲ. ಅಷ್ಟರಲ್ಲಿ ದೊಡ್ಡ ಪುಟವನ್ನು ತುರುಕಿದರೆ ಅಕ್ಷರ ಇರುವೆಯಾಗುತ್ತದೆ. ಅದೇ ವರ್ಷ ರೂಪುಗೊಂಡ ಇಪಬ್ ಎಂಬ ಮಾದರಿ ಬರಹವನ್ನು ನೀರಿನಂತೆ ಹರಿಯಬಿಟ್ಟಿತು. ಓದುಗ ಅಕ್ಷರ ಹಿಗ್ಗಿಸಿದರೆ ಸಾಲುಗಳು ತಾವೇ ಮರುಜೋಡಣೆಯಾಗುತ್ತವೆ.

ಕನ್ನಡಕ್ಕೆ ಈ ದಾರಿ ಸುಲಭವಾಗಲಿಲ್ಲ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡವಿತ್ತು ನಿಜ. ಆದರೆ ಡಿಟಿಪಿ ಕೇಂದ್ರಗಳು ಬಳಸಿದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್! ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪುಸ್ತಕವೆಲ್ಲ ಅರ್ಥವಿಲ್ಲದ ಗೀಚು. ಹೀಗಾಗಿ ಪಿಡಿಎಫ್ ಅನಿವಾರ್ಯವಾಯಿತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕಗಳದ್ದೂ ಚಿತ್ರದ ಪುಟಗಳೇ, ಒಂದು ಬಗೆಯ ಹೊಸ ಕಲ್ಲಚ್ಚು. ದೃಷ್ಟಿ ಮಂದವಾದವರು ಅಲ್ಲಿ ಅಕ್ಷರವನ್ನಷ್ಟೇ ದೊಡ್ಡದು ಮಾಡಿಕೊಳ್ಳಲಾಗದು. ಓದಿ ಹೇಳುವ ತಂತ್ರಾಂಶಕ್ಕೂ ಬರಿಯ ಚಿತ್ರದಲ್ಲಿ ಹಿಡಿಯಲು ಅಕ್ಷರಗಳಿಲ್ಲ.

ಯೂನಿಕೋಡ್‌ಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯದು. ಇಂಗ್ಲಿಷಿಗೆ ಹೊಂದಿಸಿದ ಸಾಲಂತರದಲ್ಲಿ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ಕೊಂಬುಗಳಿಗೆ ತಾಗುತ್ತವೆ. ಸಮಾಸಗಳಿಂದ ಉದ್ದವಾದ ಪದಗಳನ್ನು ಮೊಬೈಲಿನ ಕಿರಿದಾದ ಪರದೆಯಲ್ಲಿ ಎರಡೂ ಅಂಚಿಗೆ ಸರಿಹೊಂದಿಸಿದರೆ ನಡುವೆ ದೊಡ್ಡ ಕಂದಕಗಳೇಳುತ್ತವೆ. ಬಲದ ಅಂಚನ್ನು ಹಾಗೆಯೇ ಬಿಡುವುದೇ ಲೇಸು. ಷಟ್ಪದಿಯ ಉದ್ದ ಸಾಲು ಮುರಿದು ಏಳನೆಯ, ಎಂಟನೆಯ ಸಾಲಿನಂತೆ ಕಾಣುವುದೂ ಉಂಟು. ಮುರಿದ ತುಂಡನ್ನು ಒಳಕ್ಕೆ ಸರಿಸುವ ಸೂಚನೆಯನ್ನು ಕಡತದಲ್ಲೇ ಕೊಡಬೇಕಾಗುತ್ತದೆ.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ. ಆದರೆ ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟು ಕಣ್ಣಿಗೆ ಕಂಡಂತೆ ಮೊದಲು ಯಕಾರ, ಅನಂತರ ಅರ್ಕಾವತ್ತು ಇಟ್ಟಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದಂತೆ ರಕಾರವೇ ಮೊದಲು. ಈ ಅದಲು ಬದಲಿನಲ್ಲಿ ತಪ್ಪಿದ ಅಕ್ಷರಗಳನ್ನು ಹುಡುಕಲು ಅಚ್ಚುಮನೆಯ ಕಾಲದಂತೆ ಕರಡು ತಿದ್ದುವವರೇ ಕೂರಬೇಕು, ಸಾಲು ಸಾಲಾಗಿ.