ದೊಡ್ಡರೋಗದಿಂದ ಚರ್ಮಗಂಟು ರೋಗದವರೆಗೆ: ವಾಹಕ ವಿಷಾಣು ಲಸಿಕೆಯ ಚರಿತ್ರೆ

ಚಾರ್ಮಾಡಿ ಘಟ್ಟದ ಬುಡದ ಹಟ್ಟಿಗಳಿಂದ ಬೆಳಗ್ಗೆ ಗುಡ್ಡಕ್ಕೆ ಹೊರಟು ಸಂಜೆ ತಾವಾಗಿಯೇ ಮರಳುವ ಮಲೆನಾಡು ಗಿಡ್ಡ ದನಗಳಿಗೆ ಲಸಿಕೆ ಹಾಕುವುದೆಂದರೆ, ಅದು ಔಷಧದ ಪ್ರಶ್ನೆಯಾಗಿರುವಷ್ಟೇ ದಾರಿ, ಮಳೆ ಮತ್ತು ಶೈತ್ಯದ ಪ್ರಶ್ನೆಯೂ ಹೌದು; ಆದುದರಿಂದ ಪಶುಲಸಿಕೆಯ ಚರಿತ್ರೆಕಾರನು ಪ್ರಯೋಗಶಾಲೆಯ ಸಿದ್ಧಿಯೊಡನೆ, ಆ ಸಿದ್ಧಿಯು ಹಟ್ಟಿಯನ್ನು ಮುಟ್ಟಿತೇ ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

ಘಟ್ಟದ ಮೇಲೆ ಮೈಸೂರು ಸಂಸ್ಥಾನ, ಕೆಳಗೆ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಎಂದು ಆಡಳಿತವು ಬೇರೆಯಾಗಿದ್ದ ಕಾಲದಲ್ಲಿಯೂ ದನಗಳ ದೊಡ್ಡರೋಗವು (ರಿಂಡರ್‌ಪೆಸ್ಟ್) ಎರಡೂ ಸೀಮೆಗಳ ರೈತನಿಗೆ ಸಮಾನವಾದ ವಿಪತ್ತಾಗಿದ್ದಿತು. 1925ರಲ್ಲಿ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆಯು ಹುಟ್ಟಿದ್ದೇ ಈ ರೋಗಕ್ಕೆ ಸೀರಂ ತಯಾರಿಸುವುದಕ್ಕಾಗಿ. ಅದೇ ದಶಕದಲ್ಲಿ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬವರು ರೋಗದ ವಿಷಾಣುವನ್ನು ಆಡುಗಳಲ್ಲಿ ಹಾಯಿಸಿ ಲಸಿಕೆಯಾಗಿಸಿದರು. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯವು ಮೊದಲಾಯಿತು. ಅನಂತರ ಕೀನ್ಯಾದಲ್ಲಿ ಪ್ಲೌರೈಟ್ ಸಿದ್ಧಪಡಿಸಿದ ಜೀವಕೋಶ ಲಸಿಕೆಯು ಉತ್ತಮವಾದುದೇ ಆದರೂ ಎರಡು ಕೊರತೆಗಳುಳ್ಳದ್ದಾಗಿದ್ದಿತು: ಅದು ಬಿಸಿಲನ್ನು ತಾಳದು, ಲಸಿಕೆ ಪಡೆದ ದನವನ್ನೂ ರೋಗ ತಗುಲಿ ಬದುಕಿದ ದನವನ್ನೂ ರಕ್ತಪರೀಕ್ಷೆಯು ಬೇರ್ಪಡಿಸಲಾರದು.

ವಾಹಕ ಲಸಿಕೆಯ ಕಲ್ಪನೆಯು ಈ ಎರಡು ಕೊರತೆಗಳಿಗೂ ಉತ್ತರವೆನಿಸಿತು. ರೋಗದ ವಿಷಾಣುವಿನ ಒಂದೆರಡು ಜೀನುಗಳನ್ನಷ್ಟೇ ನಿರಪಾಯಕರವಾದ ಇನ್ನೊಂದು ವಿಷಾಣುವಿನಲ್ಲಿ ನೆಟ್ಟರೆ, ದನದ ದೇಹವು ಆ ಪ್ರೋಟೀನುಗಳಿಗೆ ಮಾತ್ರ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ; ಉಳಿದ ಪ್ರೋಟೀನುಗಳಿಗೂ ಪ್ರತಿಕಾಯಗಳು ಕಂಡುಬಂದರೆ ನಿಜವಾದ ರೋಗವೇ ತಗುಲಿತ್ತೆಂದು ತಿಳಿಯಬಹುದು. 1988ರಲ್ಲಿ ಟಿಲಾಹುನ್ ಯಿಲ್ಮಾ ಮತ್ತು ಸಂಗಡಿಗರು, ಸಿಡುಬಿನ ನಿವಾರಣೆಗೆ ಬಳಸುತ್ತಿದ್ದ ವ್ಯಾಕ್ಸೀನಿಯಾ ವಿಷಾಣುವನ್ನೇ ವಾಹಕವಾಗಿಸಿ ದನಗಳನ್ನು ದೊಡ್ಡರೋಗದಿಂದ ರಕ್ಷಿಸಿದರು. ಆದರೆ ಆ ವಿಷಾಣುವು ಮನುಷ್ಯನಿಗೂ ತಗುಲಬಲ್ಲದೆಂಬ ಶಂಕೆಯು ಸಹಜವಾಗಿಯೇ ಹಿಂಬಾಲಿಸಿತು. 1993ರಲ್ಲಿ ವರದಿಯಾದ ಪ್ರಯೋಗವು ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ಮಹತ್ತ್ವದ್ದು: ಕುರಿ, ಮೇಕೆ, ದನಗಳ ಸಿಡುಬಿನ ಬಳಗಕ್ಕೆ ಸೇರಿದ ವಿಷಾಣುವೊಂದು ವಾಹಕವಾಗಿ, ಒಂದೇ ಲಸಿಕೆಯಿಂದ ದೊಡ್ಡರೋಗವನ್ನೂ ಚರ್ಮಗಂಟು ರೋಗವನ್ನೂ ತಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಶೈಲಾ ಅವರ ಬಳಗವು ಕೀಟಗಳ ವಿಷಾಣುವಿನ ಮೂಲಕ ದೊಡ್ಡರೋಗದ ವಿಷಾಣುವಿನ ಹೊರಮೈಯ ಎಚ್ ಪ್ರೋಟೀನನ್ನು ಪಡೆದು, ಅದರ ರಕ್ಷಣಾಗುಣವನ್ನು 1997ರಲ್ಲಿ ಪ್ರಕಟಿಸಿತು. 2003ರಲ್ಲಿ ಅದೇ ಪ್ರೋಟೀನನ್ನು ನೆಲಗಡಲೆ ಗಿಡದಲ್ಲಿ ಬೆಳೆಸಿ ದನಗಳಿಗೆ ತಿನ್ನಿಸಿದ ಪರೀಕ್ಷೆಯೂ ಪ್ರಕಟವಾಯಿತು.

ಆದರೂ ದೊಡ್ಡರೋಗವನ್ನು ಅಳಿಸಿದ್ದು ಹಳೆಯ ಜೀವಕೋಶ ಲಸಿಕೆಯೇ. ಅದನ್ನು ಒಣಗಿಸುವ ಕ್ರಮ ಸುಧಾರಿಸಿದ ಮೇಲೆ ಆಫ್ರಿಕದಲ್ಲಿ ಅದು ಬಿಸಿಲನ್ನೂ ತಾಳಿತು. ಭಾರತದಲ್ಲಿ ಲಸಿಕೆ ನಿಲ್ಲಿಸಿ ರಕ್ತಪರೀಕ್ಷೆಗಳಿಂದ ರೋಗವನ್ನು ಹುಡುಕಲಾಯಿತು. 1995ರ ಅನಂತರ ಇಲ್ಲಿ ರೋಗ ಕಾಣಿಸಲಿಲ್ಲ. 2011ರಲ್ಲಿ ಜಗತ್ತೇ ಅದರಿಂದ ಮುಕ್ತವೆಂದು ಘೋಷಿತವಾಯಿತು. ಹೀಗೆ ವಾಹಕ ಲಸಿಕೆಯು ಹಟ್ಟಿಯನ್ನು ಮುಟ್ಟುವ ಮೊದಲೇ ರೋಗವು ಹೋಯಿತು. ಆದರೆ 2022ರಲ್ಲಿ ಚರ್ಮಗಂಟು ರೋಗವು ಕರ್ನಾಟಕವನ್ನು ಪೀಡಿಸಿದಾಗ ನಮ್ಮ ದನಗಳಿಗೆ ದೊರೆತದ್ದು ವಾಹಕ ಲಸಿಕೆಯಲ್ಲ, ಮೇಕೆಸಿಡುಬಿನ ಲಸಿಕೆ. ಮುಂದೆ ಚರ್ಮಗಂಟಿಗಾಗಲಿ ಕಾಲುಬಾಯಿ ರೋಗಕ್ಕಾಗಲಿ ವಾಹಕ ಲಸಿಕೆಯನ್ನು ರೂಪಿಸುವ ವಿದ್ವಾಂಸರು, ಅದನ್ನು ಗುಡ್ಡ ಮೇಯುವ ಗಿಡ್ಡ ತಳಿಯಲ್ಲಿ, ಘಟ್ಟದ ಮಳೆಗಾಲದಲ್ಲಿ, ವಿದ್ಯುತ್ತಿಲ್ಲದ ದಿನಗಳಲ್ಲಿಯೂ ಪರೀಕ್ಷಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.