ಬೇಗ ಹಣ್ಣಾಗುವ ಟೊಮೆಟೊ: ಪೊಟ್ಟಣದ ದಿನಗಳು, ಹಿತ್ತಲಿನ ದಿನಗಳು

ಬೀಜದ ಪೊಟ್ಟಣದ ಮೇಲೆ ‘55 ದಿನ’ ಎಂದು ಅಚ್ಚಾಗಿದ್ದರೆ ಕೊಳ್ಳುವವರು ಅದನ್ನು ತಳಿಯ ಹುಟ್ಟುಗುಣವೆಂದೇ ಓದಿಕೊಳ್ಳುತ್ತಾರೆ. ಅಮೆರಿಕದ ರೂಢಿಯಲ್ಲಿ ಈ ಎಣಿಕೆ ಶುರುವಾಗುವುದು ಬಿತ್ತಿದ ದಿನದಿಂದಲ್ಲ, ನಾಟಿ ಮಾಡಿದ ದಿನದಿಂದ. ಅಷ್ಟು ಹೊತ್ತಿಗೆ ಒಳಮನೆಯಲ್ಲಿ ಬೆಳೆದ ಆ ಸಸಿಗೆ ಆರರಿಂದ ಎಂಟು ವಾರ ತುಂಬಿರುತ್ತದೆ. ನಮ್ಮ ಪ್ರೋಟ್ರೇ ಸಸಿಯಾದರೋ ಸುಮಾರು 25 ದಿನಕ್ಕೇ ಮಡಿಗೆ ಇಳಿಯುತ್ತದೆ. ಅಂಕಿ ಒಂದೇ ಆದರೂ ಗಿಡದ ವಯಸ್ಸು ಬೇರೆ. ನಾಟಿಯಿಂದ ಮೊದಲ ಹೂವಿನವರೆಗೆ, ಹೂವಿನಿಂದ ಕಾಯಿ ಕಚ್ಚುವವರೆಗೆ, ಕಾಯಿಯಿಂದ ಹಣ್ಣಿನವರೆಗೆ ಎಂಬ ಮೂರು ಅವಧಿಗಳು ಕೂಡಿದ ಮೊತ್ತ ಅದು. ಬೆಂಗಳೂರಿನ ಸುತ್ತಲಿನ ಮನೆತೋಟಕ್ಕೆ ತಳಿ ಆರಿಸುವವರು ಮೊತ್ತವನ್ನು ಬಿಟ್ಟು ನಡುವಿನ ಅವಧಿಯನ್ನು ಮೊದಲು ನೋಡಬೇಕೆಂಬುದು ನನ್ನ ವಾದ.

ಮೊದಲ ಅವಧಿಯ ಹಿಂದೆ ದೊಡ್ಡ ಚರಿತ್ರೆಯೇ ಇದೆ. ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯ ಕಾಡು ಬಂಧುಗಳಲ್ಲಿ ಹಗಲು ಉದ್ದವಾದರೆ ಹೂವು ತಡವಾಗುತ್ತದೆ. ಈ ತಡೆಯನ್ನು ಒಡ್ಡುವ ಎಸ್‌ಪಿ5ಜಿ ಎಂಬ ಜೀನ್ ಕೃಷಿಯ ಟೊಮೆಟೊದಲ್ಲಿ ದುರ್ಬಲವಾಗಿದೆಯೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಜೀನ್ ತಿದ್ದುವ ತಂತ್ರದಿಂದ ಅದನ್ನು ಇನ್ನಷ್ಟು ಕುಂದಿಸಿದಾಗ ಹೂವು, ಫಸಲು ಎರಡೂ ಮುಂಚೆ ಬಂದವು. ಇದಕ್ಕಿಂತ ಹಳೆಯದು 1914ರಲ್ಲಿ ಫ್ಲಾರಿಡಾದಲ್ಲಿ ಕಂಡುಬಂದ, ತಾನಾಗಿಯೇ ಬೆಳವಣಿಗೆ ನಿಲ್ಲಿಸುವ ಗಿಡ್ಡ ಗಿಡ. ಹಬ್ಬುವ ತಳಿಯಲ್ಲಿ ಮೊದಲ ಹೂಗೊಂಚಲಿನ ನಂತರ ಮೂರು ಮೂರು ಎಲೆಗೊಂದು ಗೊಂಚಲು ಕೊನೆಯಿಲ್ಲದೆ ಬರುತ್ತಿರುತ್ತದೆ. ಗಿಡ್ಡದರಲ್ಲಿ ನಡುವಿನ ಎಲೆಗಳು ಕಡಿಮೆಯಾಗುತ್ತಾ ಹೋಗಿ ಕುಡಿಯೇ ಹೂವಾಗಿ ಮುಗಿದುಬಿಡುತ್ತದೆ. ಕನ್ನಡದಲ್ಲಿ ಟೊಮೆಟೊಗೆ ಚಪ್ಪರಬದನೆ ಎಂಬ ಹೆಸರು ಇದ್ದದ್ದನ್ನು ಇಲ್ಲಿ ನೆನೆಯಬೇಕು. ಆ ಹೆಸರನ್ನು ಹುಟ್ಟಿಸಿದ ಗಿಡ ಆಸರೆ ಬೇಡುವ, ಹಬ್ಬುವ ಜಾತಿಯದೇ ಇದ್ದಿರಬೇಕು.

ಗಿಡ್ಡವಾದದ್ದೆಲ್ಲ ಬೇಗ ಹಣ್ಣಾಗುತ್ತದೆಂಬ ನಂಬಿಕೆ ಮಾತ್ರ ನಿಲ್ಲುವುದಿಲ್ಲ. ಆ ಗುಣ ಫಸಲನ್ನು ಒಟ್ಟುಗೂಡಿಸುತ್ತದೆ. ಮೊದಲ ಹೂವನ್ನು ಮುಂದಕ್ಕೆ ತರುವುದಿಲ್ಲ. ಅಮೆರಿಕದ ಮನೆತೋಟಗಳಲ್ಲಿ ಬೇಗ ಹಣ್ಣಾಗುವುದಕ್ಕೇ ಹೆಸರಾದ ಅರ್ಲಿ ಗರ್ಲ್ ಹಬ್ಬುವ ತಳಿ. ನಮ್ಮ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸೂ ಮತ್ತು ಇಂಪ್ರೂವ್ಡ್ ಮೀರುತಿ ತಳಿಗಳ ಸಂಕರದಿಂದ ಬಂದ ಪೂಸಾ ರೂಬಿಯೂ ಹಬ್ಬುತ್ತಲೇ ಬೇಗ ಹಣ್ಣು ಕೊಡುತ್ತದೆ. ದಿನವೂ ಸಾರಿಗೆ ಎರಡು ಹಣ್ಣು ಬೇಕೆನ್ನುವ ಮನೆಗೆ ಇಂಥದೇ ಸರಿ. ಒಮ್ಮೆಲೇ ಹತ್ತು ಕಿಲೋ ಕಿತ್ತು ತೊಕ್ಕು ಮಾಡುವವರಿಗೆ ಪೂಸಾ ಅರ್ಲಿ ಡ್ವಾರ್ಫ್‌ನಂಥ ಗಿಡ್ಡ ತಳಿ ಒಪ್ಪುತ್ತದೆ.

ನಮ್ಮಲ್ಲಿ ಸೋಲುಗೆಲುವು ತೀರ್ಮಾನವಾಗುವುದು ನಡುವಿನ ಅವಧಿಯಲ್ಲಿ. ರಾತ್ರಿಯ ಉಷ್ಣತೆ ಸುಮಾರು 13 ಡಿಗ್ರಿಗಿಂತ ಇಳಿದರೆ ಪರಾಗ ಕೆಲಸ ಮಾಡದೆ ಹೂವು ಉದುರುತ್ತದೆ. ಶೀತದೇಶಗಳ ತಳಿವಿಜ್ಞಾನಿಗಳು ಹೋರಾಡಿದ್ದು ಇದರ ವಿರುದ್ಧ. ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಆರೆಗಾನ್ ಸ್ಪ್ರಿಂಗ್ ತಳಿ ಪರಾಗಸ್ಪರ್ಶವಿಲ್ಲದೆಯೂ ಕಾಯಿ ಕಚ್ಚುತ್ತದೆ. ಮೊದಲ ಹಣ್ಣುಗಳಲ್ಲಿ ಬೀಜವೇ ಇರುವುದಿಲ್ಲವೆನ್ನಬಹುದು. ಅಪೂರ್ವವಾದ ಕೆಲಸ ಅದು, ಆದರೆ ಬೆಂಗಳೂರಿನ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ ಅಷ್ಟು ಕೊರೆಯುವುದಿಲ್ಲ. ಇಲ್ಲಿ ಹೂವು ಉದುರುವುದು ಬೇಸಿಗೆಯಲ್ಲಿ, ಹಗಲು 32 ಡಿಗ್ರಿ ದಾಟಿ ರಾತ್ರಿಯೂ 21ರ ಮೇಲೆಯೇ ಉಳಿದಾಗ. ಕಲಬುರಗಿ, ರಾಯಚೂರುಗಳಲ್ಲಿ ಏಪ್ರಿಲ್ ಹೊತ್ತಿಗೆ ಗಿಡ ಹಸಿರಾಗಿದ್ದೂ ಕಾಯಿಯಿಲ್ಲದೆ ನಿಲ್ಲುವುದು ಇದೇ ಕಾರಣಕ್ಕೆ.

ಮೂರನೆಯ ಅವಧಿಯನ್ನು ಲೆಕ್ಕದಿಂದ ನೋಡೋಣ. 10 ಡಿಗ್ರಿಗಿಂತ ಕೆಳಗೆ ಟೊಮೆಟೊ ಬೆಳೆಯುವುದಿಲ್ಲವೆಂದು ಹಿಡಿದರೆ, ಸರಾಸರಿ 17 ಡಿಗ್ರಿಯ ಊರಿನಲ್ಲಿ ಗಿಡಕ್ಕೆ ದಿನಕ್ಕೆ 7 ಪಾಲು ಶಾಖ ದಕ್ಕುತ್ತದೆ. 24 ಡಿಗ್ರಿಯ ಬೆಂಗಳೂರಿನಲ್ಲಿ 14. ಅಲ್ಲಿ ಎರಡು ತಳಿಗಳ ನಡುವಿದ್ದ ಹತ್ತು ದಿನಗಳ ಅಂತರ ಇಲ್ಲಿ ಐದಕ್ಕೆ ಇಳಿಯುತ್ತದೆ. ಈ ಐದು ದಿನಕ್ಕಾಗಿ ದುಬಾರಿ ವಿದೇಶಿ ಬೀಜ ತರಿಸುವುದು ನನಗೆ ಒಪ್ಪಿಗೆಯಿಲ್ಲ. ಬೇಗ ಬೇಕೆಂದರೆ ಚೆರ್ರಿ ಗಾತ್ರದ ತಳಿ ಹಾಕಬಹುದು. ಸಣ್ಣ ಕಾಯಿ ದೊಡ್ಡ ಕಾಯಿಗಿಂತ ಮೊದಲು ಮಾಗುತ್ತದೆ.

ಹಾಗಾದರೆ ಬೇಗ ಹಣ್ಣಾಗುವ ಗುಣಕ್ಕೆ ಇಲ್ಲಿ ಬೆಲೆಯಿಲ್ಲವೇ? ಇದೆ, ಬೇರೊಂದು ಕಾರಣಕ್ಕೆ. ಬಿಸಿಲೇರಿದಂತೆ ಬಿಳಿನೊಣ ಹೆಚ್ಚುತ್ತದೆ, ಅದರ ಬೆನ್ನಿಗೇ ಎಲೆ ಮುಟುರು ನಂಜುರೋಗ ಬರುತ್ತದೆ. ಎಳೆಯ ಗಿಡಕ್ಕೆ ತಗುಲಿದರೆ ಕಾಯಿಯ ಆಸೆ ಬಿಡಬೇಕು. ಸೆಪ್ಟೆಂಬರ್ ಕೊನೆಗೆ ಬಿತ್ತಿದ ಬೇಗದ ತಳಿ ಬಿಸಿಲೇರುವ ಮೊದಲೇ ಬಹುಪಾಲು ಹಣ್ಣು ಕೊಟ್ಟಿರುತ್ತದೆ. ಫೆಬ್ರವರಿಯಲ್ಲಿ ಬಿತ್ತುವವರಿಗೆ ಈ ಉಪಾಯ ಒದಗದು. ಅವರು ದಿನ ಎಣಿಸುವುದನ್ನು ಬಿಟ್ಟು, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ, ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಸಂಕರ ತಳಿಗೆ ಹೋಗುವುದು ಮೇಲು. ಅದರ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡಲಾಗದು ಎಂಬುದೊಂದೇ ಕೊರತೆ.

ಆ ಬೇಸಿಗೆಯ ಹಣ್ಣನ್ನು ಗಿಡದಲ್ಲಿಯೇ ಕೆಂಪಾಗಲು ಬಿಡಬಾರದು. 30 ಡಿಗ್ರಿಯ ಮೇಲೆ ಕೆಂಪು ಬಣ್ಣದ ಲೈಕೋಪೀನ್ ಸರಿಯಾಗಿ ಕೂಡದೆ ಹಣ್ಣು ಹಳದಿಗೆಂಪಾಗಿಯೇ ಉಳಿಯುತ್ತದೆ. ತಳಭಾಗ ಬಣ್ಣ ತಿರುಗಿದ ಕೂಡಲೇ ಕಿತ್ತು ಒಳಗೆ ತಂಪು ಮೂಲೆಯಲ್ಲಿ ಹರವಿಟ್ಟರೆ ಕಾಯಿ ತನ್ನದೇ ಎಥಿಲೀನ್‌ನಿಂದ ನಾಲ್ಕಾರು ದಿನದಲ್ಲಿ ಕೆಂಪಾಗುತ್ತದೆ, ಗಿಡದ ಮೇಲೆ ಹಕ್ಕಿ ಕುಕ್ಕುವುದೂ ತಪ್ಪುತ್ತದೆ.