ಎತ್ತಿಗೆ ಸೋಮವಾರ, ಆಳಿಗೆ ಯಾವ ವಾರ?



ನಮ್ಮ ಆಳಂದ ಕಡೆ ಸೋಮವಾರ ಎತ್ತು ಹೂಡೋದಿಲ್ಲ, ಬಸವಣ್ಣನ ವಾರ ಅಂತಾರ. ಜೀತದಾಳಿಗೆ ಯಾವ ವಾರ ಬಿಡುವಿತ್ತು ಹೇಳ್ರಿ? ಸೋಮವಾರವೂ ಸಗಣಿ ಬಳಿಯೋದು, ಮೇವು ಹಾಕೋದು ಅವನೇ. ಜೀತ ರದ್ದತಿ ಕಾಯ್ದೆ ಬಂದದ್ದೇ 1976ರಲ್ಲಿ.

ಬೈಬಲ್ಲಿನ ಸಬ್ಬತ್ ಆಜ್ಞೆ ಎತ್ತು, ಆಳು ಇಬ್ಬರನ್ನೂ ಹೆಸರಿಸ್ತದ. ಧರ್ಮೋಪದೇಶಕಾಂಡದ 5ನೇ ಅಧ್ಯಾಯ ನೋಡ್ರಿ: ದಾಸ, ದಾಸಿ, ಪರದೇಶಿ ಎಲ್ಲರಿಗೂ ಯಜಮಾನನಷ್ಟೇ ವಿಶ್ರಾಂತಿ. ಕಾರಣ? ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ, ಮರೀಬ್ಯಾಡ್ರಿ ಅಂತ. ಅಂದರೆ ಇದು ಬಿಡುಗಡೆಯಾದ ಜೀತದಾಳುಗಳ ಹಬ್ಬ.

ಯೆಹೂದ್ಯರಿಗೆ ಆ ದಿನ ಶನಿವಾರ, ಹೆಚ್ಚಿನ ಕ್ರೈಸ್ತರಿಗೆ ಭಾನುವಾರ. ಆದರೆ ಮುಂಬೈ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆಯನ್ನು ಯಾವ ದೊರೆಯೂ ಪುಕ್ಕಟೆ ಕೊಡಲಿಲ್ಲ. ಜೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಹೋರಾಡಿ, 1890ರ ಜೂನ್ 10ರಂದು ಮಾಲೀಕರನ್ನು ಒಪ್ಪಿಸಿದರು. 1948ರ ಕಾರ್ಖಾನೆ ಕಾಯ್ದೆಯಲ್ಲೂ ವಾರದ ರಜೆ ಸೇರಿತು.

ಗುಮಾಸ್ತನಾದ ನನಗೆ ಭಾನುವಾರ ಪಗಾರ ಕಡಿತ ಇಲ್ಲ. ತೊಗರಿ ಹೊಲದ ಅಕ್ಕನಿಗೆ ರಜೆ ಅಂದ್ರ ಆ ದಿನದ ಕೂಲಿ ಹೋದಂಗ.

ಕ್ರೈಸ್ತ ಬಂಧುಗಳೇ, ಚರ್ಚಿಗೆ ಹೊರಡುವ ಮುಂಚೆ ಮನೆಗೆಲಸದಾಕೆಗೂ ಸಂಬಳ ಹಿಡಿಯದೆ ರಜೆ ಕೊಡ್ರಿ. ಸಂಘಟನೆಯ ಗೆಳೆಯರೇ, ನಮ್ಮ ಮನೆಯೊಳಗ ರೊಟ್ಟಿ ಬಡಿಯೋರಿಗೆ ಯಾವ ವಾರ ಬಿಡುವು ಅಂತ ನಾವೂ ಕೇಳಿಕೊಳ್ಳೋಣ.

ಜೈ ಭೀಮ್.